ಮೇಲಕ್ಕೆ ಹೋಗುತ್ತಿದ್ದ ಪ್ಯಾನೆಲ್

ಬಸ್ ಡಿಪೋದಿಂದ ಅದೇ ದೂರು ಮೂರನೇ ಸಲ ಬಂದಾಗ ರಿಪೇರಿಯವನಿಗೆ ಮೈಯೆಲ್ಲ ಉರಿಯಿತು. ಡಿಪೋದ ಕಂಪ್ಯೂಟರುಗಳೆಲ್ಲ ಅವನ ಕೈಯಲ್ಲೇ ವಿಂಡೋಸ್ ಬಿಟ್ಟು ಲಿನಕ್ಸಿಗೆ ಬದಲಾಗಿದ್ದವು. ಅಲ್ಲಿಯ ಡ್ರೈವರುಗಳು ಅವನನ್ನು ‘ಡಾಕ್ಟ್ರು’ ಅನ್ನುತ್ತಿದ್ದರು. ಮೂರು ಸಲ ಬಂದರೂ ರೋಗ ಗೊತ್ತಾಗದ ಡಾಕ್ಟರಿಗೆ ಎಂಥ ಮರ್ಯಾದೆ?

ದೂರು ಚಿಕ್ಕದೇ. ಪರದೆಯ ಕೆಳಗೆ ಮೆನು, ತೆರೆದ ಫೈಲುಗಳು, ಗಡಿಯಾರ ಇರುವ ಪ್ಯಾನೆಲ್ ಇರುತ್ತದಲ್ಲ, ಡ್ಯೂಟಿ ಚಾರ್ಟ್ ಮಾಡುವ ಕಂಪ್ಯೂಟರಿನಲ್ಲಿ ಅದು ತಾನಾಗಿಯೇ ಮೇಲಕ್ಕೆ ಹೋಗುತ್ತಿತ್ತು. ಹೋಗಿ ಮೂರು ಬೆರಳು ದಪ್ಪವಾಗಿ ಊದಿಕೊಳ್ಳುತ್ತಿತ್ತು. ಮಧ್ಯಾಹ್ನದ ಪಾಳಿಯ ಗುಮಾಸ್ತ ದಿನಾ ಅದನ್ನು ಕೆಳಗಿಳಿಸಿ, ತೆಳ್ಳಗೆ ಮಾಡಿ, ಬೈದುಕೊಂಡು ಕೆಲಸ ಶುರು ಮಾಡುತ್ತಿದ್ದ. ಬೆಳಗಿನ ಪಾಳಿ ರಿಪೇರಿಯವನ ಅತ್ತಿಗೆಯದು. ಇಬ್ಬರೂ ಒಂದೇ ಹೆಸರಿನಲ್ಲಿ ಲಾಗಿನ್ ಆಗುತ್ತಿದ್ದರು. ಅತ್ತಿಗೆಯನ್ನು ಕೇಳಿದ್ದಕ್ಕೆ ‘ನಂಗೇನೂ ಗೊತ್ತಿಲ್ಲಪ್ಪ’ ಅಂದಿದ್ದರು, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು.

ಅವರು ಹಾಗೆ ಮುಖ ತಿರುಗಿಸಿ ಮಾತಾಡಲು ಶುರು ಮಾಡಿ ಐದು ತಿಂಗಳಾಗಿತ್ತು. ಅವನು ಹೆಂಡತಿಯೊಂದಿಗೆ ಬೇರೆ ಮನೆ ಮಾಡಿಯೂ ಹೆಚ್ಚುಕಡಿಮೆ ಅಷ್ಟೇ ಆಗಿತ್ತು. ಅವನು ಎರಡನ್ನೂ ಕೂಡಿಸಿಕೊಂಡ. ಹದಿನಾಲ್ಕು ವರ್ಷ ಅನ್ನ ಹಾಕಿದವರಿಗೆ ಸಿಟ್ಟಿದ್ದರೆ ಬಾಯಿಬಿಟ್ಟು ಬೈಯಬೇಕಿತ್ತು, ಹೀಗೆ ಎದುರು ಕೂತು ಗೋಡೆ ನೋಡುವುದು ಅವನಿಗೆ ನುಂಗಲಾರದ ತುತ್ತಾಗಿತ್ತು.

ಮೊದಲ ಸಲ ಅವನು ಪ್ಯಾನೆಲನ್ನು ಎಳೆದು ಕೆಳಗಿಟ್ಟು ಹೋಗಿದ್ದ. ಎರಡನೇ ಸಲ ಅದರ ಸೆಟ್ಟಿಂಗ್ ಫೈಲುಗಳನ್ನೇ ಅಳಿಸಿ, ಎಲ್ಲ ಹೊಸದಾಗಿ ಮಾಡಿ, ಯಾವುದೇ ಬದಲಾವಣೆಯಾದರೂ ಅದರ ಹೊತ್ತು ಬರೆದಿಡುವ ಸಣ್ಣ ಪ್ರೋಗ್ರಾಮನ್ನು ಕೂರಿಸಿ ಹೋದ. ಈ ಸಲ ಅದನ್ನು ತೆರೆದು ನೋಡಿದರೆ ಪ್ಯಾನೆಲ್ ಮೇಲಕ್ಕೆ ಹೋದ ಹೊತ್ತೆಲ್ಲ ಸಾಲಾಗಿತ್ತು. ಸೋಮವಾರ ಬೆಳಿಗ್ಗೆ ಆರು ಗಂಟೆ ಎಂಟು ನಿಮಿಷ. ಮಂಗಳವಾರ ಆರು ಏಳು. ಬುಧವಾರ ಆರು ಎಂಟು. ಆ ಹೊತ್ತಿಗೆ ಕಚೇರಿಯಲ್ಲಿ ಇರುತ್ತಿದ್ದುದು ಒಬ್ಬರೇ.

ಪಾಳಿ ಬದಲಾಗುವ ಹೊತ್ತು. ಮ್ಯಾನೇಜರ್, ಗುಮಾಸ್ತ, ಚಾರ್ಟಿಗೆ ಕಾದಿದ್ದ ಇಬ್ಬರು ಡ್ರೈವರುಗಳು, ಎಲ್ಲರೂ ಅಲ್ಲೇ ಇದ್ದರು. ಅತ್ತಿಗೆಯನ್ನು ಪಕ್ಕಕ್ಕೆ ಕರೆದು ಕೇಳಬಹುದಿತ್ತು. ಅವನು ಕೇಳಲಿಲ್ಲ.

“ದೆವ್ವ ಸಿಕ್ತು ಸಾರ್,” ಅಂದ. “ದಿನಾ ಬೆಳಿಗ್ಗೆ ಆರಕ್ಕೆ ಬರುತ್ತೆ. ತಿಂಗಳಾದ್ರೆ ಸಂಬಳಾನೂ ತಗೊಳ್ಳುತ್ತೆ.”

ಡ್ರೈವರುಗಳು ನಕ್ಕರು. ಗುಮಾಸ್ತ ಹೇಳಿದ, “ನಂಗೇ ಕಂಪ್ಯೂಟರ್ ಬರಲ್ಲ ಅಂತಿದ್ರಲ್ಲ ಎಲ್ಲರೂ.”

“ಯಾಕಮ್ಮಾ?” ಅಂದರು ಮ್ಯಾನೇಜರ್.

“ನಂಗೆ ಹಾಗೇ ಅಭ್ಯಾಸ ಸಾರ್.”

“ಅಭ್ಯಾಸ ಬಿಡ್ಬೇಕು ಅತ್ತಿಗೆ,” ಅಂದ ಅವನು. “ಇದು ಅಡುಗೆಮನೆ ಅಲ್ಲ, ಬೇಕಾದ ಕಡೆ ಡಬ್ಬ ಇಟ್ಕೊಳ್ಳೋಕೆ.” ಹೇಳುತ್ತಲೇ ಪ್ಯಾನೆಲನ್ನು ಕೆಳಗಿಟ್ಟು, ತನ್ನ ಪಾಸ್‌ವರ್ಡ್ ಇಲ್ಲದೆ ಅಲುಗಾಡದಂತೆ ಬೀಗ ಹಾಕಿದ. ಐದು ನಿಮಿಷದ ಕೆಲಸ. ಮೈ ಹಗುರಾಯಿತು.

“ಸರಿ. ನಾಳಿನ ಚಾರ್ಟ್ ಪ್ರಿಂಟ್ ಕೊಟ್ಟು ಹೊರಡಿಯಮ್ಮ,” ಅಂದರು ಮ್ಯಾನೇಜರ್.

ಅತ್ತಿಗೆ ಕೂತರು. ಮೌಸಿನ ಬಾಣದ ಗುರುತು ಪರದೆಯ ತಳದಲ್ಲಿ ಅತ್ತಿಂದಿತ್ತ ಓಡಾಡಿತು. ಕ್ಯಾಲ್ಕುಲೇಟರ್ ತೆರೆಯಿತು. ಮುಚ್ಚಿದರು. ಕ್ಯಾಲೆಂಡರ್ ತೆರೆಯಿತು. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು, ಅವನ ಎದುರು ತಿರುಗಿಸುತ್ತಿದ್ದರಲ್ಲ, ಹಾಗೆಯೇ. ಕಡೆಗಣ್ಣಿನಿಂದ ಹುಡುಕಿದರು. ಆಮೇಲೆ ಮೂಗು ಗಾಜಿಗೆ ತಾಗುವಷ್ಟು ಬಾಗಿದರು.

ಒಬ್ಬ ಡ್ರೈವರ್ ಮೆಲ್ಲಗೆ ಅಂದ, “ಅಮ್ಮಾ, ಅದರ ಪಕ್ಕದ್ದು.”

ಆಗ ಎಲ್ಲರಿಗೂ ಗೊತ್ತಾಯಿತು. ಅವನಿಗೆ ಎಲ್ಲರಿಗಿಂತ ಒಂದು ಕ್ಷಣ ತಡವಾಗಿ.

“ನೇರ ನೋಡಿದ್ರೆ ನಡುವೆ ಮಸುಕು ಸಾರ್,” ಅಂದರು ಅತ್ತಿಗೆ. “ಪಕ್ಕದಿಂದ ಕಾಣುತ್ತೆ. ಮೇಲೆ ದಪ್ಪಗಿದ್ರೆ ಯಾವುದು ಎಲ್ಲಿದೆ ಅಂತ ಕೈಗೇ ಗೊತ್ತಿತ್ತು. ಅಕ್ಷರ ದೊಡ್ಡದು ಮಾಡ್ಕೊಂಡು ಎರಡೆರಡು ಸಲ ಓದ್ತಿದ್ದೆ. ಐದು ತಿಂಗಳಲ್ಲಿ ಒಂದು ಚಾರ್ಟೂ ತಪ್ಪಿಲ್ಲ.”

“ತಪ್ಪಿಲ್ಲಮ್ಮ. ನಂಗೂ ಗೊತ್ತು,” ಅಂದರು ಮ್ಯಾನೇಜರ್. “ಆದ್ರೆ ಇಷ್ಟು ಜನರ ಮುಂದೆ ಗೊತ್ತಾದ್ಮೇಲೆ ಸುಮ್ನಿರೋಕೆ ಆಗಲ್ಲ. ನಾಳೆಯಿಂದ ರಜೆ ಹಾಕಿ. ಕಣ್ಣಿನ ಡಾಕ್ಟರ ರಿಪೋರ್ಟ್ ಬಂದ್ಮೇಲೆ ನೋಡೋಣ.”

ಏನು ನೋಡುತ್ತಾರೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅತ್ತಿಗೆ ಕಚೇರಿಯ ಬೀರುವಿನ ಬೀಗದ ಕೈಯನ್ನು ಸೊಂಟದಿಂದ ತೆಗೆದು ಮೇಜಿನ ಮೇಲಿಟ್ಟರು. ಗುಮಾಸ್ತ ಅದನ್ನು ಕೂಡಲೇ ತೆಗೆದುಕೊಳ್ಳಲಿಲ್ಲ. ಅಷ್ಟು ಮರ್ಯಾದೆ ಅವನಲ್ಲಿತ್ತು.

“ಎರಡು ನಿಮಿಷ ಅತ್ತಿಗೆ,” ಅಂದ ರಿಪೇರಿಯವನು. “ಬೀಗ ತೆಗೆದು ಮತ್ತೆ ಮೇಲಕ್ಕೆ ಹಾಕ್ತೀನಿ.”

“ಯಾರಿಗೆ?” ಅಂದರು ಅತ್ತಿಗೆ.

“ಒಂದು ಮಾತು ನಂಗೆ ಹೇಳಬಾರದಿತ್ತಾ?”

“ನಿನ್ ಮನೆಗೆ ಎರಡು ಸಲ ಬಂದೆ. ನೀನು ಟಿವಿ ನೋಡ್ತಾ ಕೂತಿದ್ದೆ.”

ಹೌದು. ಸಿಟ್ಟಿನಲ್ಲಿ ಬಂದಿದ್ದಾರೆ, ಮಾತಾಡಿಸುವುದು ಬೇಡ ಎಂದು ಟಿವಿಯ ಸದ್ದು ಏರಿಸಿಕೊಂಡು ಕೂತಿದ್ದ.

ಕೆಲಸ ಮುಗಿದದ್ದಕ್ಕೆ ಆ ಕಂಪ್ಯೂಟರಿನಲ್ಲಿ ಕೂರುವವರ ಸಹಿ ಬೇಕಿತ್ತು. ಕಾಗದದಲ್ಲಿ ಅವನೇ ಆಗಲೇ ಬರೆದಿದ್ದ: ‘ದೋಷ ಪತ್ತೆಯಾಗಿದೆ, ಸರಿಪಡಿಸಲಾಗಿದೆ.’ ಹರಿದು ಹಾಕೋಣ ಅನ್ನಿಸಿತು. ಅಷ್ಟರಲ್ಲಿ ಅತ್ತಿಗೆ ಅದನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದರು.

“ಎಲ್ಲಿ ಹಾಕ್ಲಿ?”

ಅವನು ಗೆರೆಯ ಮೇಲೆ ಬೆರಳಿಟ್ಟು ತೋರಿಸಿದ. ಅವರು ಮುಖ ಗೋಡೆಗೆ ತಿರುಗಿಸಿಕೊಂಡು ಸಹಿ ಮಾಡಿದರು. ಕೊನೆಯ ಅಕ್ಷರ ಅವನ ಉಗುರಿನ ಮೇಲೆ ಬಿತ್ತು.