ಹಿತ್ತಲ ಗೋಡೆಯ ಕಪ್ಪು ದ್ರಾಕ್ಷಿ

ಚಪ್ಪರದಡಿ ನೆಟ್ಟ ದ್ರಾಕ್ಷಿ ಕಡ್ಡಿಗಳು ಈ ಸಲವೂ ಚಿಗುರಿದವು, ಅಂಗೈಯಗಲ ಎಲೆ ಬಿಟ್ಟವು, ಹಳದಿಯಾಗಿ ಬಾಡಿದವು. ಊರವರ ದನಿಯನ್ನೆಲ್ಲ ಅಣಕಿಸಿ ನಗಿಸುವ ಗಂಡ ಮಾತ್ರ "ನೀರು ಸಾಲದು, ಗೊಬ್ಬರ ಸಾಲದು" ಎಂಬ ಹಳೇ ರಾಗ ಬಿಡಲಿಲ್ಲ. ಬೇರೆ ದಾರಿ ಕಾಣದೆ ಹೆಂಡತಿ ತನ್ನ ತಮ್ಮನಿಗೆ ಹೇಳಿಕಳಿಸಿದಳು. ಅವನು ಸಸಿಮನೆಯಲ್ಲಿ ಕಸಿ ಕಟ್ಟುವವನು.

ತಮ್ಮ ಬಂದವನೇ ಒಂದು ಗಿಡ ಅಗೆದು ಬೇರು ತೊಳೆದ. ಬೇರಿನ ತುಂಬ ಗಂಟು, ಗಂಟಿನ ಸಂದಿಯಲ್ಲಿ ಹಳದಿ ಚುಕ್ಕೆಗಳು.

"ಬೇರುಹೇನು ಭಾವ. ಕೂತು ರಸ ಹೀರ್ತಿದೆ."

"ಬೇರುಹೇನು ಭಾವ!" ಗಂಡ ಅದೇ ಗಂಭೀರ ದನಿ ತೆಗೆದ. "ಬಾಚಣಿಗೆ ತರ್ಲೇನಯ್ಯ?"

ಹೆಂಡತಿಗೆ ನಗು ಬರಲಿಲ್ಲ.

"ಕಡ್ಡಿ ಎಲ್ಲಿಂದ ತಂದ್ರಿ?" ತಮ್ಮ ಕೇಳಿದ.

"ನಮ್ಮ ತೋಟದ್ದೇ. ಬೀಜ ಇಲ್ದಿರೋದು, ಸಕ್ಕರೆ! ಸತ್ತ ಗಿಡದ ಗುಂಡಿಗೆ ಬದುಕಿರೋ ಗಿಡದ ಕಡ್ಡಿ."

"ಅಲ್ಲೇ ಎಡವಿದ್ದು. ಕಡ್ಡಿಯಿಂದ ಹುಟ್ಟೋದು ಮಗು ಅಲ್ಲ ಭಾವ, ಮತ್ತೆ ಅದೇ ತಾಯಿ. ಸಾವಿರಾರು ವರ್ಷದ ಹಿಂದೆ ಪಶ್ಚಿಮ ಏಷ್ಯಾ ಕಡೆ ಜನ ಕಾಡು ದ್ರಾಕ್ಷಿ ಪಳಗಿಸಿದ್ರು. ಸಿಹಿ ಕಂಡಿದ್ದನ್ನ ಮುರಿದು ಮುರಿದು ನೆಟ್ರು. ತಿನ್ನೋದು, ಒಣಗಿಸೋದು, ರಸ ಹಿಂಡೋದು ಅಂತ ಸಾವಿರಾರು ತಳಿ ಆಯ್ತು. ಆದ್ರೆ ಆ ಕುಲದ ಬೇರು ಈ ಹೇನು ತಡೆಯಲ್ಲ. ಅಮೆರಿಕದ ಕಾಡುಬಳ್ಳಿಗಳ ಬೇರು ತಡೆಯುತ್ತೆ. ಅದಕ್ಕೇ ಕೆಳಗೆ ಅದರ ಬೇರು, ಮೇಲೆ ನಮ್ಮ ಸಿಹಿ ಕಡ್ಡಿ ಇಟ್ಟು ಕಸಿ ಕಟ್ಟೋದು."

"ಈಗಿರೋ ಗಿಡ?" ಈ ಸಲ ದನಿ ಗಂಡನದೇ ಆಗಿತ್ತು.

"ಇಷ್ಟು ಏರಿದ ಮೇಲೆ ಮದ್ದು ನಾಟಲ್ಲ. ಎಲ್ಲಾ ಕೀಳ್ಬೇಕು."

ತಮ್ಮ ಅಕ್ಕನ ಕಡೆ ತಿರುಗಿದ. "ಅಕ್ಕಾ, ಹಿತ್ತಲ ಗೋಡೆ ಮೇಲೆ ನಿಮ್ಮತ್ತೆ ನೆಟ್ಟ ಕಪ್ಪು ದ್ರಾಕ್ಷಿ ಇತ್ತಲ್ಲ, ದಪ್ಪ ಸಿಪ್ಪೇದು? ಇದೇ ಮಣ್ಣಲ್ಲಿ ಇಷ್ಟು ಕಾಲ ಗಟ್ಟಿಯಾಗಿ ನಿಂತಿದೆ ಅಂದ್ರೆ ಅದರಲ್ಲಿ ಕಾಡುಬಳ್ಳಿ ಬೆರಕೆ ಇರಬೇಕು. ಅಂಥ ತಳಿ ನಮ್ಮ ಸಸಿಮನೇಲೂ ಇಲ್ಲ. ತೋರಿಸು."

ಗಂಡ ಇಬ್ಬರನ್ನೂ ಬಚ್ಚಲ ಕಡೆಗೆ ಕರೆದೊಯ್ದ. ಇನ್ನಷ್ಟು ಸಕ್ಕರೆ ದ್ರಾಕ್ಷಿಗೆ ಜಾಗ ಬೇಕೆಂದು ಮೊನ್ನೆಯಷ್ಟೇ ಅದನ್ನು ಬುಡಸಮೇತ ಕಿತ್ತಿದ್ದ. "ಎಟುಕದ ದ್ರಾಕ್ಷಿ ಹುಳಿ ಅಂತಾರೆ, ನಮ್ಮನೇಲಿ ಎಟುಕೋದೇ ಹುಳಿ" ಎಂದಿದ್ದ. ಅವಳೂ ನಕ್ಕಿದ್ದಳು.

ಆ ಬಳ್ಳಿಯ ಕಡ್ಡಿಗಳು ಉರುವಲಾಗಿ ನೀರೊಲೆಯ ಪಕ್ಕ ಬಿಸಿಗೆ ಒಣಗುತ್ತಿದ್ದವು. ತಮ್ಮ ಒಂದರ ಸಿಪ್ಪೆಯನ್ನು ಉಗುರಿನಿಂದ ಗೀರಿದ. ಒಳಗೆ ಕಂದು. ಇನ್ನೊಂದೂ ಕಂದು. ಗಂಡ ಕುಕ್ಕರಗಾಲಲ್ಲಿ ಕೂತು ರಾಶಿಯನ್ನೆಲ್ಲ ಗೀರಿದ. ಜೀವದ ಹಸಿರು ಎಲ್ಲೂ ಕಾಣಲಿಲ್ಲ.

"ಕಸಿ ಗಿಡಾನೇ ತರೋಣ, ಒಪ್ಪಿದೆ," ಎಂದ. "ಅಮ್ಮನ ಗಿಡ ಎಲ್ಲಿಂದ ತರ್ಲಿ? ಬೀಜ ಬಿದ್ದಿರಬಹುದಲ್ವಾ?"

"ಬೀಜದಿಂದ ಬರೋದು ಬೇರೇನೇ ಭಾವ. ಅದೇ ಗಿಡ ಮತ್ತೆ ಬರಲ್ಲ."

ಹೆಂಡತಿ ಅವತ್ತು ನೀರೊಲೆ ಹಚ್ಚಲಿಲ್ಲ.

ಬಂಧುಗಳೇ, ಸತ್ತ ಗಿಡದ ಗುಂಡಿಗೆ ಅದೇ ತೋಟದ ಕಡ್ಡಿ ನೆಡಬೇಡಿ; ಕಸಿ ಗಿಡ ಕೇಳಿ ಪಡೆಯಿರಿ. ತೋಟಕ್ಕೆಲ್ಲ ಒಂದೇ ತಳಿಯನ್ನು ನಂಬಬೇಡಿ. ಸನಿಕೆಗೆ ಅಂಟಿದ ಮಣ್ಣು ತೊಳೆಯದೆ ಪಕ್ಕದ ತೋಟಕ್ಕೆ ಕಾಲಿಡಬೇಡಿ; ಹೇನು ಮಣ್ಣಿನ ಜೊತೆ ಸಾಗುತ್ತದೆ. ನಿಮ್ಮ ಗೋಡೆಯ ಮೇಲೂ ಒಂದು ಹುಳಿ ಬಳ್ಳಿ ಇದ್ದೀತು. ಕೊಡಲಿ ಎತ್ತುವ ಮೊದಲು ಸಸಿಮನೆಯವರನ್ನು ಕರೆದು ತೋರಿಸಿ. ಈಗಾಗಲೇ ಕಡಿದಿದ್ದರೆ, ಓಡಿ ಹೋಗಿ ಒಂದು ಕಡ್ಡಿ ಗೀರಿ ನೋಡಿ. ಒಳಗೆ ಹಸಿರಿದ್ದರೆ ನೀವು ಇವರಿಗಿಂತ ಪುಣ್ಯವಂತರು.