ಡೆನ್ಜಿಲ್‌ನ ಮತ, ನನ್ನ ಮತ

ಯುರೋಪ್ ಒಕ್ಕೂಟದಲ್ಲಿ ದೇಶ ಉಳಿಯಬೇಕೋ, ಹೊರಗೆ ಬರಬೇಕೋ ಎಂದು ನಮ್ಮನ್ನೆಲ್ಲ ಕೇಳಿದ ಆ ಗುರುವಾರ ನನ್ನ ಗಂಡ ಡೆನ್ಜಿಲ್ ನ್ಯೂಲಿನ್ ಬಂದರಿನಿಂದ ಎಂಬತ್ತು ಮೈಲಿ ಆಚೆ ಕಡಲಲ್ಲಿದ್ದ. ಮೀನಿಗೆ ಹೋಗುವವರು ತಮ್ಮ ಮತವನ್ನು ಮನೆಯವರಿಗೆ ಒಪ್ಪಿಸಿ ಹೋಗುವುದು ನಮ್ಮಲ್ಲಿ ಹಳೆಯ ರೂಢಿ. ಅವನೂ ಅರ್ಜಿಯಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದ್ದ. ದೋಣಿ ಹತ್ತುವ ಮುಂಚೆ ಒಂದೇ ಮಾತು ಹೇಳಿದ: ಹೊರಗೆ. ತನ್ನ ಪೆನ್ನನ್ನೂ ಕೈಗಿತ್ತ; ಗುರುತು ಪೆನ್ನಿನಲ್ಲೇ ಹಾಕಬೇಕಂತೆ, ಪೆನ್ಸಿಲ್ ಆದರೆ ಅಳಿಸಿಬಿಡುತ್ತಾರಂತೆ.

ನನ್ನ ಮನಸ್ಸಿನಲ್ಲೇನಿದೆ ಎಂದು ಕೇಳಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ಕೇಳದ್ದಕ್ಕಿಂತ ನಾನು ಹೇಳದೆ ಉಳಿಸಿಕೊಂಡದ್ದೇ ಹೆಚ್ಚು. ಅದರ ತಪ್ಪನ್ನು ಅವನ ಮೇಲೆ ಹೊರಿಸಲಾರೆ.

ನಾನು ಬಂದರಿನ ಶೆಡ್ಡಿನಲ್ಲಿ ಏಡಿಗಳನ್ನು ಪೆಟ್ಟಿಗೆಗೆ ತುಂಬುತ್ತೇನೆ. ಸಂಜೆಯ ಲಾರಿಗೆ ಹತ್ತುವ ಪೆಟ್ಟಿಗೆಗಳ ಮೇಲೆ ಬಹುಪಾಲು ಫ್ರಾನ್ಸ್, ಸ್ಪೇನಿನ ಊರುಗಳ ಹೆಸರು. ಡೆನ್ಜಿಲ್ ಕಡಲಲ್ಲಿ ಕಾಣುವುದು ತನ್ನ ಪಕ್ಕದಲ್ಲೇ ಬಲೆ ಎಳೆಯುವ ಅವರ ದೊಡ್ಡ ದೋಣಿಗಳನ್ನು. ಅವನ ಸಿಟ್ಟು ಸುಳ್ಳಲ್ಲ. ನನ್ನ ಪೆಟ್ಟಿಗೆಗಳೂ ಸುಳ್ಳಲ್ಲ.

ಮಧ್ಯಾಹ್ನ ಮತ ಹಾಕಲು ಹೊರಟಾಗ ಅತ್ತೆ ವಿನಿಫ್ರೆಡ್ ನನ್ನ ಜೊತೆಗೆ ಬಂದರು. ಏರು ದಾರಿಯುದ್ದಕ್ಕೂ ಫ್ರೆಂಚರನ್ನು ಬೈದರು. ನಮ್ಮ ಮೀನು ತಿಂದು ಒಂದು ಥ್ಯಾಂಕ್ಸ್ ಕೂಡ ಹೇಳುವುದಿಲ್ಲವಂತೆ. ದುಡ್ಡು ಕೊಡ್ತಾರಲ್ಲಮ್ಮಾ ಎಂದೆ. ಅವರು ನಿಂತುಬಿಟ್ಟರು.

"ನೀನು ಆ ಕಡೆನಾ?"

"ಹೌದಮ್ಮಾ."

ಜೋರಾಗಿ ಹೇಳಿಬಿಟ್ಟಿದ್ದೆ. ಅತ್ತೆ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡರು.

"ಹಾಗಾದ್ರೆ ನಿನ್ನದನ್ನ ಯಾಕೆ ಹಾಕ್ತೀಯ, ಹುಡುಗಿ? ಅವನದೊಂದು ಈ ಕಡೆ, ನಿನ್ನದೊಂದು ಆ ಕಡೆ. ಎರಡೂ ಸೊನ್ನೆ. ಅವನದಷ್ಟು ಹಾಕಿ, ನಿನ್ನದು ಬಿಟ್ಟುಬಿಡು. ಮನೇಲಿ ನೆಮ್ಮದಿ ಇರುತ್ತೆ."

ಆ ನೆಮ್ಮದಿ ನನಗೆ ಚೆನ್ನಾಗಿ ಗೊತ್ತು. ಅದನ್ನು ಇಷ್ಟು ವರ್ಷ ಕಾಯ್ದುಕೊಂಡು ಬಂದವಳು ನಾನೇ. ಮತಗಟ್ಟೆಯಾಗಿದ್ದ ಚರ್ಚಿನ ಹಾಲ್ ಒಳಗೆ ಹೋದೆ.

ಮೇಜಿನ ಹೆಂಗಸು ಪಟ್ಟಿಯಲ್ಲಿ ಎರಡು ಹೆಸರಿಗೂ ಗೆರೆ ಎಳೆದು ಎರಡು ಚೀಟಿ ಕೊಟ್ಟಳು. ಮರೆಗೆ ಹೋಗಿ ಹಲಗೆಯ ಮೇಲೆ ಅವನ್ನು ಪಕ್ಕಪಕ್ಕ ಇಟ್ಟೆ. ಯಾವುದು ಅವನದು, ಯಾವುದು ನನ್ನದು ಎಂದು ತಿಳಿಯುವ ಹಾಗೇ ಇರಲಿಲ್ಲ. ಎರಡರಲ್ಲೂ 'ಉಳಿಯಲಿ'ಗೇ ಗುರುತು ಹಾಕಿದರೆ ಯಾರಿಗೂ ಎಂದಿಗೂ ಗೊತ್ತಾಗದು. ಕೈ ಒಂದು ಗಳಿಗೆ ನಿಂತಿತೆಂದು ಒಪ್ಪಿಕೊಳ್ಳುತ್ತೇನೆ. ಹಾಗೆ ಗೆದ್ದರೆ ಅದೂ ನಾನು ಹೇಳದೆ ಉಳಿಸಿಕೊಂಡ ಇನ್ನೊಂದು ಮಾತಾಗುತ್ತಿತ್ತು. ಮೊದಲು ಅವನ ಪೆನ್ನಿನಿಂದ ಅವನು ಹೇಳಿದಲ್ಲಿ ಗುರುತು ಹಾಕಿದೆ. ಆಮೇಲೆ ದಾರಕ್ಕೆ ಕಟ್ಟಿದ್ದ ಪೆನ್ಸಿಲ್ ತೆಗೆದುಕೊಂಡು, ಒತ್ತಿ, ನನ್ನದನ್ನು ಹಾಕಿದೆ.

ಹೊರಗೆ ಕಾದಿದ್ದ ಅತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತಮ್ಮ ಮತ ಹಾಕಲು ಒಳಗೆ ನಡೆದರು.

ಸಂಜೆ ಏಳಕ್ಕೆ ಡೆನ್ಜಿಲ್ ದೋಣಿಯ ಫೋನಿನಿಂದ ಕರೆ ಮಾಡಿದ. ಗಾಳಿ ಜೋರಿದೆ, ಮಾಂಕ್‌ಫಿಶ್ ಚೆನ್ನಾಗಿ ಸಿಕ್ಕಿದೆ ಎಂದ. ಆಮೇಲೆ ಮತ ಹಾಕಿದ್ದಾಯಿತಾ ಎಂದು ಕೇಳಿದ.

"ನಿನ್ನದು ನೀನು ಹೇಳಿದ ಹಾಗೆ ಹಾಕ್ದೆ. ನನ್ನದು ಉಳಿಯೋದಕ್ಕೆ ಹಾಕ್ದೆ."

"ನಂದು ದಂಡ ಆಯ್ತಲ್ಲೇ ಹಾಗಾದ್ರೆ."

"ನಿಂದು ಎಣಿಸ್ತಾರೆ. ನಂದೂ ಎಣಿಸ್ತಾರೆ."

"ಎರಡೂ ನಿನ್ನ ಕೈಯಲ್ಲೇ ಇತ್ತು."

"ಇತ್ತು."

ಅವನು ಸುಮ್ಮನಾದ. ಆ ಮೌನವನ್ನು ನಾನು ತುಂಬಿಸಲು ಹೋಗಲಿಲ್ಲ. ಸುಮ್ಮನಿರುವ ಸರದಿ ಒಮ್ಮೆ ಅವನದಾಗಲಿ.

"ಅಮ್ಮನಿಗೆ ಗೊತ್ತಾಗೋದು ಬೇಡ," ಎಂದ ಕೊನೆಗೆ.

"ಅವರಿಗೆ ಮಧ್ಯಾಹ್ನವೇ ಹೇಳಿದೀನಿ. ಶನಿವಾರ ಬಾ, ಕೂತು ಮಾತಾಡೋಣ. ಈ ಸಲ ನಾನೂ ಮಾತಾಡ್ತೀನಿ."