ನಡುಗಡ್ಡ್ಯಾಗ ಮುರಿಗೆವ್ವನ ಬುತ್ತಿ

ಊರ ಬಿಟ್ಟ ಹೊರಗ ಹೋದ್ರ ಮೊದಲನೇ ಚಿಂತಿ ಯಾವುದು ಹೇಳ್ರಿ? ಉಣ್ಣೂದೆಲ್ಲೆ ಅನ್ನೂದು. ಲಗ್ನಕ್ಕ ಹೋಗ್ರಿ, ಕೋರ್ಟಿಗೆ ಹೋಗ್ರಿ, ಸಮುದ್ರ ನೋಡಾಕ ಹೋಗ್ರಿ, ಹೊಟ್ಟಿ ಅಂತೂ ಬೆನ್ನ ಹತ್ತಿ ಬರೂದ. ಕೆಲವ್ರು ಕಂಡಕಂಡಲ್ಲೆ ತಿಂದು ಹಾಸಿಗಿ ಹಿಡೀತಾರ. ಕೆಲವ್ರು ಯಾರನ್ನೂ ನಂಬೂದಿಲ್ಲ. ಹುಬ್ಬಳ್ಳಿ ಮುರಿಗೆವ್ವ ಎರಡನೇ ಥರದಾಕಿ. ನಂಬೂದಿಲ್ಲ ಅಂದ್ರ ನಂಬೂದಿಲ್ಲ!

ಮುರಿಗೆವ್ವಗ ಅರವತ್ಮೂರು ವರ್ಷ. ಅಕಿ ಮೂಗಿನ ಮ್ಯಾಲೆ ಇಡೀ ಓಣಿಗೆ ನಂಬಿಗಿ. ಯಾರರ ತುಪ್ಪಾ ತಂದ್ರ ಮೊದಲ ಮುರಿಗೆವ್ವನ ಮೂಗಿನ ಮುಂದ ಹಿಡೀತಿದ್ರು. "ಇದರಾಗ ಏನೋ ಬೆರಕಿ ಐತಿ" ಅಂತ ಅಕಿ ಅಂದ್ಲಂದ್ರ ಮುಗೀತು, ತುಪ್ಪಾ ಅಂಗಡಿಗೆ ವಾಪಸ್. ಲಗ್ನ ಆಗಿ ನಲವತ್ತ ವರ್ಷದಾಗ ಹೊಟೇಲಿನ ಒಂದ ತುತ್ತ ಬಾಯಾಗ ಇಟ್ಟಾಕಿ ಅಲ್ಲ.

ಅಕಿ ಮಗ ಕುಮಾರಸ್ವಾಮಿ ತಾರಿಹಾಳದ ಒಂದ ಕಾರ್ಖಾನ್ಯಾಗ ಸೂಪರ್‌ವೈಸರ್. ಈ ಸಲ ದೀಪಾವಳಿ ಸೂಟಿಗೆ "ಅವ್ವಾ, ಎಲ್ಲಾರೂ ಕೂಡಿ ಅಂಡಮಾನಕ್ಕ ಹೋಗೂಣು" ಅಂದಾ.

"ಬರ್ತೇನಿ. ಆದ್ರ ಹೊರಗಿನ ಊಟ ನಾನೂ ಮುಟ್ಟಂಗಿಲ್ಲ, ನನ್ನ ಮೊಮ್ಮಗಳಿಗೂ ಮುಟ್ಟಗೊಡಂಗಿಲ್ಲ."

"ಅಲ್ಲೆ ಛಲೋ ಛಲೋ ಹೊಟೇಲ ಅದಾವ ಅವ್ವಾ."

"ಛಲೋ ಅನ್ನೂದು ಬೋರ್ಡಿನ ಮ್ಯಾಲಿರ್ತೈತಿ. ಒಳಗೇನೈತಿ ಯಾರು ಕಂಡಾರ?"

ಸೊಸಿ ದಾಕ್ಷಾಯಿಣಿ ಅತ್ತಿ ಪಿಶವಿ ತುಂಬೂದ ನೋಡ್ಕೋತ ನಿಂತ್ಲು. ಕಡಕ ರೊಟ್ಟಿ ಹೋದ್ವು, ಶೇಂಗಾ ಹಿಂಡಿ ಚಟ್ನಿ ಹೋತು, ಅಕ್ಕಿ ಹೋತು, ಕಡೀಕ ಕರೆಂಟಿನ ಸಣ್ಣ ಕುಕ್ಕರ್ ಸುದ್ದಾ ಹೋತು.

ಎರಡ ಇಮಾನ, ಆಮ್ಯಾಲೆ ಒಂದ ಹಡಗ. ಹಂಗ ಸಣ್ಣದೊಂದ ನಡುಗಡ್ಡಿಗೆ ಬಂದ ಮುಟ್ಟಿದ್ರು. ಟೂರಿನವ್ರ ಜೋಡಿ ಹುಬ್ಬಳ್ಳಿ-ಧಾರವಾಡದ ಮತ್ತ ನಾಕ ಮನಿ ಮಂದಿ ಇದ್ರು. ಅವ್ರಾಗ ಒಬ್ಬಾಕಿ ಧಾರವಾಡದ ತಾರಾಬಾಯಿ. ಸರ್ಕಾರಿ ದವಾಖಾನ್ಯಾಗ ನರ್ಸ್ ಆಗಿ ಮೂವತ್ತೈದ ವರ್ಷ ದುಡದು ರಿಟೈರ್ ಆದಾಕಿ.

ದಂಡಿ ಮ್ಯಾಲೆ ತೆಂಗಿನ ಗಿಡದ ಬುಡಕ ಸಾಲಾಗಿ ಹೊಟೇಲ. ಹೊಟೇಲ ಅಂದ್ರ ನಾಕ ಕಂಬ, ಮ್ಯಾಲೆ ಗರಿ, ಉಸುಕಿನ ಮ್ಯಾಲೆ ಪ್ಲಾಸ್ಟಿಕ್ ಖುರ್ಚಿ. ಮೊದಲನೇ ಹೊಟೇಲ ಮಿಲಿಂದಂದು. ಸಾಂಗ್ಲಿ ಕಡೆಯಿಂದ ಬಂದು ಅಲ್ಲೇ ನೆಲಿ ನಿಂತಂವ. ಗಂಡ ಹೆಂಡ್ತಿ ಇಬ್ಬರೂ ಅಡಗಿ ಮಾಡಿ ಬಡಸ್ತಿದ್ರು. ಬಂದವರಿಗೆಲ್ಲಾ ಮಿಲಿಂದ ಹಲ್ಲ ತಗದು ನಗ್ತಿದ್ದ. ಮುರಿಗೆವ್ವ ಗಿಡದ ನೆರಳಾಗ ಕುಂತು ಅವನ್ನ ನೋಡಿದ್ಲು. 'ಇಷ್ಟ ನಗ್ತಾನಂದ್ರ ಏನೋ ಮುಚ್ಚಾಕತ್ತಾನ' ಅಂತ ಅಕಿ ಮನಸಿನ್ಯಾಗ ಬಂತು.

"ದಾಕ್ಷಾಯಿಣಿ, ಅಲ್ನೋಡು. ಮೀನ ಹುರಿದ ಕಡಾಯ್ಯಾಗ ಪೂರಿ ಕರೀತಿರಬೇಕು."

"ಗೊತ್ತಿಲ್ರಿ ಅತ್ತಿ. ಹೋಗಿ ಕೇಳೂಣೇನ್ರಿ?"

"ಕೇಳಿದ್ರ ಖರೇ ಹೇಳ್ತಾನೇನು ಅಂವ?"

ಅಷ್ಟರಾಗ ತಾರಾಬಾಯಿ ಸೆರಗ ಸಿಗಸ್ಕೊಂಡು ಸೀದಾ ಮಿಲಿಂದನ ಅಡಗಿಮನಿ ಹೊಕ್ಕೇಬಿಟ್ರು. ಮರಾಠಿಯೊಳಗ ಏನೇನೋ ಕೇಳಿದ್ರು, ಬಗ್ಗಿ ನೋಡಿದ್ರು, ಹೊರಗ ಬಂದು ಮುರಿಗೆವ್ವನ ಬಾಜೂಕ ಕುಂತ್ರು.

"ಮೀನದ ಎಣ್ಣಿ, ಕಡಾಯಿ ಎಲ್ಲಾ ಬ್ಯಾರೆ ಇಟ್ಟಾರ. ನೀರು ಕುದಿಸಿ ಆರಿಸಿದ್ದು ಅದ. ಕಾಯಿ ಚಟ್ನಿ ಮಾತ್ರ ಮುಂಜಾನೆ ಮಾಡಿದ್ದು. ಅದನ್ನ ನನ್ನ ತಾಟಿಗೆ ಹಾಕಬ್ಯಾಡಪಾ ಅಂದೆ."

"ಅಂವ ಹೇಳಿದ್ದ ನಂಬಿದ್ರೇನ್ರಿ ಬಾಯಾರ?"

"ನಾ ಎಲ್ಲಿ ನಂಬ್ತೀನ್ರೀ? ಕಣ್ಣಿಲೆ ನೋಡಿದೆ. ನಾ ನಿಮಗಿಂತ ಅನುಮಾನದಾಕಿ!"

ಮುರಿಗೆವ್ವ ಮಾರಿ ತಿರುವಿದ್ಲು. ಆ ದಿನಾ ಮನಿಯವ್ರೆಲ್ಲಾ ಅಕಿ ಕುಕ್ಕರಿನ ಅನ್ನಾನ ಉಂಡ್ರು. ಸಂಜಿ ಮುಂದ ಮಾಡಿದ ಅನ್ನಾ ಅರ್ಧ ಉಳೀತು. ಲಾಡ್ಜಿನ ಖೋಲ್ಯಾಗ ಫ್ರಿಜ್ ಇರಲಿಲ್ಲ. ಅನ್ನಾ ಕುಕ್ಕರಿನ್ಯಾಗ ಹಂಗ ಇತ್ತು.

ಮರುದಿನ ಮುಂಜಾನೆ ಲಿಂಗಪೂಜಿ ಮುಗಿಸಿ ಮುರಿಗೆವ್ವ ಅದ ಅನ್ನಕ್ಕ ಹಾಲ ಹಾಕಿದ್ಲು. ಹುಳಿ ಆಗಬಾರದಂತ ಮೊಸರು ಒಂದ ಚಮಚಾ ಮಾತ್ರ. ಮ್ಯಾಲೆ ಉಪ್ಪು, ಊರಿಂದ ತಂದ ಒಣ ಒಗ್ಗರಣಿ. ಛಂದಾಗಿ ಕಲಸಿ ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ ಮುಚ್ಚಳಾ ಹಾಕಿದ್ಲು. ಮಧ್ಯಾಹ್ನದ ತನಕಾ ಆ ಡಬ್ಬಿ ಬಿಸಲಾಗ, ಉಸುಕಿನ ಮ್ಯಾಲೆ, ಪಿಶವ್ಯಾಗ ಕುಂತಿತ್ತು.

ಒಂದ ಗಂಟೆ ಹೊಡೀತು. ಮಗ ಸೊಸಿ ಕಣ್ಣ ತಪ್ಪಿಸಿ ಮಿಲಿಂದನ ಕಡೆ ದೋಸಿ ತಿನ್ನಾಕ ಹೋದ್ರು. ಏಳ ವರ್ಷದ ಮೊಮ್ಮಗಳು ಭಾಗ್ಯಶ್ರೀ ಪೂರಿ ವಾಸನಿಗೆ ಮೂಗ ಅರಳಿಸಿ ನಿಂತಿದ್ಲು. ತಾರಾಬಾಯಿ ತಮ್ಮ ತಾಟಿನಾಗಿನ ಬಿಸಿ ಪೂರಿ ಮುರದು ಅರ್ಧ ಅಕಿ ಕೈಯಾಗಿಟ್ರು. ಮುರಿಗೆವ್ವ ನೋಡೂದ್ರಾಗ ಪೂರಿ ಹೊಟ್ಟಿ ಸೇರಿತ್ತು.

"ಅಯ್ಯ ಶಿವನ! ಬಾ ಇಲ್ಲೆ. ಮನಿ ಊಟಾ ಉಣ್ಣು." ಮುರಿಗೆವ್ವ ಡಬ್ಬಿ ತಗದು ಮೂಸಿ ನೋಡಿದ್ಲು. ಹುಳಿ ಇಲ್ಲ, ನಾತ ಇಲ್ಲ. "ನೋಡು, ಈಗ ಕಲಸಿದಂಗ ಐತಿ." ಆಯಿ ಮೊಮ್ಮಗಳು ಇಬ್ಬರೂ ಕೂಡಿ ಡಬ್ಬಿ ಖಾಲಿ ಮಾಡಿದ್ರು.

ಎರಡೂವರಿ ಸುಮಾರಿಗೆ ಮುರಿಗೆವ್ವನ ಹೊಟ್ಟ್ಯಾಗ ತೊಳಸಿದಂಗಾತು. ದೊಡ್ಡ ಕಲ್ಲಿನ ಹಿಂದ ಹೋಗಿ ವಾಂತಿ ಮಾಡ್ಕೊಂಡ್ಲು. 'ಬಿಸಲ ಹೊಡದೈತಿ' ಅಂದ್ಕೊಂಡು ಬಾಯಿ ತೊಳಕೊಂಡು ಬಂದ್ಲು. ಯಾರಿಗೂ ಹೇಳಲಿಲ್ಲ. ಬಂದು ನೋಡ್ತಾಳ, ಭಾಗ್ಯಶ್ರೀ ಅವ್ವನ ತೊಡಿ ಮ್ಯಾಲೆ ಬೋರಲ ಬಿದ್ದು ವಾಂತಿ ಮಾಡ್ಕೊಳ್ಳಾಕತ್ತಾಳ! ಒಂದಾತು, ಎರಡಾತು, ನಾಕಾತು. ಜುಲಾಬೂ ಹತ್ತಿತು. ಕೂಸಿನ ಕಣ್ಣ ಒಳಗ ಹೋದ್ವು. ಮುರಿಗೆವ್ವ ಹೊಟೇಲಿನ ಕಡೆ ಓಡಿದ್ಲು.

"ಆ ಪೂರಿ! ಆ ಹೊಟೇಲಿನ ಪೂರಿ! ನಾ ಬಡಕೊಂಡೆ, ಯಾರರ ಕೇಳಿದ್ರೇನು?"

ಮಿಲಿಂದನ ಹೊಟೇಲಿನ ಮುಂದ ನಿಂತು ಬಾಯಿ ಮಾಡಿದ್ಲು. ಉಣ್ಣಾಕತ್ತಿದ್ದ ಮಂದಿ ತಾಟ ಬಿಟ್ಟು ಎದ್ರು. "ಕುಮಾರಾ, ವಿಡಿಯೊ ತಗಿ. ಇವನ ಮಾರಿ ತಗಿ, ಬೋರ್ಡ್ ತಗಿ. ಓಣಿ ಗ್ರೂಪಿಗೆ ಹಾಕು, ಟೂರಿನ ಗ್ರೂಪಿಗೂ ಹಾಕು." ಕುಮಾರಸ್ವಾಮಿಗೆ ಮಗಳ ಮಾರಿ ನೋಡಿ ಜೀವಾನ ಹಾರಿತ್ತು. ಹಿಂದ ಮುಂದ ನೋಡದ ತಗದು ಕಳಿಸಿಬಿಟ್ಟಾ. ಮಿಲಿಂದನ ನಗಿ ಹೋಗಿತ್ತು.

ತಾರಾಬಾಯಿ ಕೂಸಿನ ಕಡೆ ಓಡಿ ಬಂದ್ರು. ತಮ್ಮ ಚೀಲದಾಗಿನ ಓಆರ್‌ಎಸ್ ಪುಡಿ ಪೊಟ್ಟಣ ಹರದು ಒಂದ ಲೀಟರ್ ನೀರಿನ ಬಾಟ್ಲಿಗೆ ಪೂರ್ತಿ ಸುರುವಿದ್ರು.

ಮುರಿಗೆವ್ವ ಕೈ ಅಡ್ಡ ಹಿಡದ್ಲು. "ನೀರ ಕೊಡಬ್ಯಾಡ್ರಿ! ಕುಡದಿದ್ದೆಲ್ಲಾ ಹೊರಗ ಬರಾಕತ್ತೈತಿ."

"ಹೊರಗ ಹೋಗಲಿಕತ್ತದ ಅಂತನ ಒಳಗ ಹಾಕಬೇಕ್ರೀ. ಮೈಯಾಗಿನ ನೀರ ಖಾಲಿ ಆದ್ರ ಜೀವಕ್ಕ ಕುತ್ತು. ಗಟಗಟ ಅಲ್ಲ, ಚಮಚಾಲೆ ಒಂದೊಂದ ಗುಟುಕು. ವಾಂತಿ ಆದ್ರ ಹತ್ತ ಮಿನಿಟ ತಡದು ಮತ್ತ ಕೊಡೂದು. ದಾಕ್ಷಾಯಿಣಿ, ಕೂಸು ಉಚ್ಚಿ ಹೋಗಿ ಎಷ್ಟೊತ್ತಾತು?"

"ಮುಂಜಾನೆ ಹೋಗಿದ್ಲು ನೋಡ್ರಿ." ದಾಕ್ಷಾಯಿಣಿಗೆ ಅಳು ತಡೀಲಿಲ್ಲ.

"ಹಂಗಾರ ತಡಾ ಮಾಡೂದ ಬ್ಯಾಡ, ಡಾಕ್ಟರ್ ಕಡೆ ಹೋಗೂಣು. ಮುರಿಗೆವ್ವಾ, ಕೂಸು ಏನೇನ ತಿಂದಾಳ? ಖರೇ ಹೇಳ್ರಿ, ಅಲ್ಲೆ ಅದನ್ನ ಮೊದಲ ಕೇಳ್ತಾರ."

"ಪೂರಿ."

"ಅದರ ಇನ್ನರ್ಧ ನಾ ತಿಂದೀನಿ. ನಿಮ್ಮ ಮಗ ಸೊಸಿನೂ ಅಲ್ಲೇ ತಿಂದಾರ. ನಮಗ್ಯಾರಿಗೂ ಏನೂ ಆಗಿಲ್ಲ. ಮತ್ತೇನ ತಿಂದ್ಲು?"

ಮುರಿಗೆವ್ವ ಖಾಲಿ ಡಬ್ಬಿ ಇದ್ದ ಪಿಶವಿ ಕಡೆ ನೋಡಿದ್ಲು. ಹೇಳಿದ್ರ ನಲವತ್ತ ವರ್ಷದ ಮರ್ಯಾದಿ ಮಣ್ಣಾಗ್ತಿತ್ತು. ಹೇಳದಿದ್ರ? ಭಾಗ್ಯಶ್ರೀಯ ಕೈ ತನ್ನ ಕೈಯಾಗ ಹಿಡದ್ಲು. ತಣ್ಣಗಿತ್ತು.

"ಬುತ್ತಿ ತಿಂದಾಳ್ರಿ. ನಾನೂ ತಿಂದೇನಿ." ಕಲ್ಲಿನ ಕಡೆ ಕೈ ಮಾಡಿದ್ಲು. "ನಾನೂ ವಾಂತಿ ಮಾಡ್ಕೊಂಡೇನ್ರಿ ಬಾಯಾರ, ಆ ಕಲ್ಲಿನ ಹಿಂದ. ನಾ ಹೊಟೇಲಿಂದು ಒಂದ ಅಗಳೂ ಮುಟ್ಟಿಲ್ಲ."

ಹಿಂದ ಗಾಡಿ ಸಪ್ಪಳಾತು. ತಿರುಗಿ ನೋಡಿದ್ರ, ಮಿಲಿಂದ ತನ್ನ ವ್ಯಾನ್ ತಂದು ನಿಲ್ಲಿಸಿ ಬಾಗಲಾ ತಗದು ನಿಂತಿದ್ದ.

ಆರೋಗ್ಯ ಕೇಂದ್ರದ ಡಾಕ್ಟರ್ ಎಲ್ಲಾ ಕೇಳಿ, ಇದು ಅನ್ನದ್ದ ಇರಬೇಕು ಅಂದ್ರು. ಕೂಸಿನ್ನ, ಆಯಿನ್ನ ಬಾಜೂಬಾಜೂಕ ಮಲಗಿಸಿ ಓಆರ್‌ಎಸ್ ಕುಡಿಸೂದ ಮುಂದುವರಿಸಿದ್ರು.

"ನಾ ಮೂಸಿ ನೋಡಿದ್ನೆಲ್ರಿ! ನಾತ ಇರಲಿಲ್ಲ," ಅಂದ್ಲು ಮುರಿಗೆವ್ವ.

"ಅದಕ್ಕ ನಾತ ಇರೂದಿಲ್ರೀ," ಅಂದ್ರು ತಾರಾಬಾಯಿ. "ಮಾಡಿದ ಅನ್ನಾ ಹೊರಗ ಇಟ್ರ ಕಣ್ಣಿಗೆ ಕಾಣದ ಕ್ರಿಮಿ ಬೆಳದು ವಿಷಾ ಬಿಡ್ತಾವ. ಇಂಥಾ ಸೆಕಿಯೊಳಗ ಇನ್ನೂ ಲಗೂ. ಆಮ್ಯಾಲೆ ನೀವು ಹಾಲ ಹಾಕ್ರಿ, ಒಗ್ಗರಣಿ ಹಾಕ್ರಿ, ಮತ್ತ ಬಿಸಿ ಮಾಡ್ರಿ, ಆ ವಿಷಾ ಹೋಗೂದಿಲ್ಲ."

"ನಿನ್ನಿ ಅನ್ನದ ಬುತ್ತಿ ನಾವು ಎಷ್ಟ ಸಲ ಉಂಡೇವಿ. ಏನೂ ಆಗಿಲ್ಲ."

"ಆದಾಗ ದೃಷ್ಟಿ ಆಗ್ಯದ, ಬಿಸಲ ಹೊಡದದ ಅಂದು ಬಿಟ್ಟಿರ್ತೀರಿ."

ಕಲ್ಲಿನ ಹಿಂದ ಮುರಿಗೆವ್ವ ಅಂದ್ಕೊಂಡಿದ್ದೂ ಅದನ್ನ ಅಲ್ಲೇನು?

ಹೊತ್ತ ಮುಳುಗೂ ಮುಂದ ಭಾಗ್ಯಶ್ರೀ ಕಣ್ಣ ತಗದ್ಲು. "ಆಯಿ, ಉಚ್ಚಿ ಬಂದೈತಿ" ಅಂದ್ಲು. ಅಷ್ಟ ಕೇಳಿ ಮುರಿಗೆವ್ವ ಹೋ ಅಂತ ಅತ್ತಬಿಟ್ಲು. ಇಂಥಾ ಮಾತಿಗೆ ಯಾರರ ಇಷ್ಟ ಖುಷಿಲೆ ಅತ್ತದ್ದು ನಾನಂತೂ ಕೇಳಿಲ್ಲ.

ಮರುದಿನ ಮುಂಜಾನೆ ಮಿಲಿಂದನ ಹೊಟೇಲ ಖಾಲಿ ಹೊಡೀತಿತ್ತು. ಟೂರಿನ ಮಂದಿ ಎಲ್ಲಾ ವಿಡಿಯೊ ನೋಡಿ ಆಚಿ ಹೊಟೇಲಿಗೆ ಹೋಗಿದ್ರು. ಅವನ ಹೆಂಡ್ತಿ ಹಿಟ್ಟ ನಾದಿ ಇಟ್ಟು ದಾರಿ ನೋಡ್ಕೋತ ಕುಂತಿದ್ಲು. ಹುಬ್ಬಳ್ಳಿಯಾಗ ಓಣಿ ಗ್ರೂಪಿನ ಮಂದಿ ಮುರಿಗೆವ್ವನ ಮೂಗನ್ನ ಹೊಗಳಿ ಹೊಗಳಿ ಬರದಿದ್ರು. ತನ್ನ ಗಂಗಾಳದಾಗ ಹೆಗ್ಗಣ ಸತ್ತ ಬಿದ್ದಿದ್ರೂ ಮಂದಿ ಗಂಗಾಳದಾಗಿನ ನೊಣಾ ತೋರಿಸಿದ್ರಂತ. ಆ ಗಾದಿ ಮುರಿಗೆವ್ವಗ ಮೊದಲಿಂದ ಗೊತ್ತಿತ್ತು. ಅದು ತನಗ ಹೇಳಿದ್ದು ಅಂತ ಗೊತ್ತಿರಲಿಲ್ಲ ಅಷ್ಟ.

ಆರೋಗ್ಯ ಕೇಂದ್ರದಿಂದ ಬಂದಾಕಿ ಸೀದಾ ಅಡಗಿಮನಿಗೆ ಹೋಗಿ ಮಿಲಿಂದನ ಮುಂದ ಕೈ ಮುಗದ್ಲು. "ತಪ್ಪಾತಪಾ ತಮ್ಮಾ." ಆಮ್ಯಾಲೆ ಸೆರಗ ಸಿಗಸ್ಕೊಂಡ್ಲು. "ಆದ್ರ ನಾ ಕೇಳೂದ ಬಿಡಂಗಿಲ್ಲ. ಬಾಯಾರ, ಇವಂಗ ಮರಾಠಿಯೊಳಗ ಹೇಳ್ರಿ. ಪಲ್ಲೆ ಯಾವಾಗಿಂದು? ನೀರ ಯಾವುದು? ತಾಟ ಯಾತರಾಗ ತೊಳದಾರ? ಕೈ ತೊಳಕೊಂಡಾರೋ ಇಲ್ಲೋ?"

ಮಿಲಿಂದ ಒಂದೊಂದ ತೋರಿಸಿದಾ. ಪೂರಿ ಎಣ್ಣ್ಯಾಗಿಂದ ಸೀದಾ ತಾಟಿಗೆ ಬಂತು. ಮುರಿಗೆವ್ವ ಚಾಳಿ ಬಿದ್ದಂಗ ಮೂಗಿನ ಹತ್ರ ಒಯ್ದ್ಲು, ಆಮ್ಯಾಲೆ ನಿಂತು ಹಬಿಗೆ ಕೈ ಹಿಡದು ನೋಡಿದ್ಲು. ಕೈ ಸುಡ್ತು. ನಲವತ್ತ ವರ್ಷದಾಗ ಮೊದಲನೇ ಸಲ ಹೊಟೇಲಿನ ತುತ್ತ ಬಾಯಾಗಿಟ್ಲು.

"ಕುಮಾರಾ, ಮತ್ತ ಫೋನ ಹಿಡಿ. ಈಗ ನನ್ನ ಮಾರಿ ತಗಿ."

ಎರಡೂ ಗ್ರೂಪಿಗೆ ಹೋದ ಆ ವಿಡಿಯೊದಾಗ ಮುರಿಗೆವ್ವ ಹೇಳಿದ್ದು ಇಷ್ಟು: "ನಿನ್ನಿ ನಾ ಹೇಳಿದ್ದು ಸುಳ್ಳ. ಈ ಹೊಟೇಲಿಂದ ಯಾರಿಗೂ ಏನೂ ಆಗಿಲ್ಲ. ನನ್ನ ಮೊಮ್ಮಗಳಿಗೆ ಆಗಿದ್ದು ನನ್ನ ಕೈಯಿಂದ, ನನ್ನ ಬುತ್ತಿಯಿಂದ. ನನ್ನ ಮೂಗ ನಂಬಿ ಕುಂದ್ರಬ್ಯಾಡ್ರಿ."

ಅಕ್ಕಾರ, ಅಣ್ಣಾರ, ಅನುಮಾನ ಬಿಡ್ರಿ ಅಂತ ನಾ ಹೇಳಾಕತ್ತಿಲ್ಲ. ಪಡ್ರಿ! ಹೊಟೇಲಿಗೆ ಹೋದ್ರ ಅಡಗಿಮನಿ ನೋಡ್ರಿ, ಬಿಸಿಬಿಸಿ ಇದ್ದದ್ದ ಉಣ್ರಿ, ಕೊಯ್ದಿಟ್ಟ ಹಣ್ಣು, ಗೊತ್ತಿಲ್ಲದ ನೀರು, ಬರ್ಫ ಬ್ಯಾಡ ಅನ್ರಿ. ಆದ್ರ ಆ ಪ್ರಶ್ನಿ ನಿಮ್ಮ ಬುತ್ತಿಗೂ ಕೇಳ್ರಿ. ಮಾಡಿದ ಅನ್ನಾ ಎರಡ ತಾಸಿಗಿಂತ ಹೆಚ್ಚ ಹೊರಗ ಇಡಬ್ಯಾಡ್ರಿ, ಸುಡು ಬಿಸಲಿದ್ರ ಒಂದ ತಾಸೂ ಭಾಳ ಆತು. ದಾರಿಗೆ ರೊಟ್ಟಿ ಹಿಂಡಿ ಒಯ್ರಿ, ನಿನ್ನಿ ಅನ್ನಾ ಒಯ್ಯಬ್ಯಾಡ್ರಿ. ಪಿಶವ್ಯಾಗ ಎರಡ ಓಆರ್‌ಎಸ್ ಪೊಟ್ಟಣ ಇರಲಿ. ಪೊಟ್ಟಣ ಸಿಗಲಿಲ್ಲಂದ್ರ ಒಂದ ಲೀಟರ್ ಶುದ್ಧ ನೀರಿಗೆ ಮಟ್ಟಸ ಆರ ಸಣ್ಣ ಚಮಚಾ ಸಕ್ರಿ, ಅರ್ಧ ಸಣ್ಣ ಚಮಚಾ ಉಪ್ಪು. ಕೂಸು ಉಚ್ಚಿ ಹೋಗಲಿಲ್ಲ, ಕಣ್ಣ ಒಳಗ ಹೋದ್ವು, ಕುಡದಿದ್ದು ಒಂದೂ ನಿಲ್ಲವಲ್ದು, ಜುಲಾಬಿನಾಗ ರಕ್ತ ಕಂಡಿತು ಅಂದ್ರ ಒಂದ ಕ್ಷಣಾನೂ ತಡಾ ಮಾಡದ ದವಾಖಾನಿಗೆ ಓಡ್ರಿ. ಅಲ್ಲೆ ಏನ ತಿಂದಾರ ಅಂತ ಕೇಳಿದ್ರ, ನಾಚಿಕಿ ಬಿಟ್ಟು ಖರೇ ಹೇಳ್ರಿ.

ಮುರಿಗೆವ್ವ ಒಂದ ಮಾತ ಹೇಳಾಕ ತಡಾ ಮಾಡಿದ್ಲು. ನೀವು ಮಾಡಬ್ಯಾಡ್ರಿ.